ಬಡವರ ಊಟಿಗೆ ಬಂದ ಸಮುದ್ರ

ಒಂಬೈನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ ಕೂತಿರುವ ಹಾಸನಕ್ಕೂ ಸಮುದ್ರಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ನಮ್ಮ ಹೇಮಾವತಿಯನ್ನೇ ನೋಡಿ. ಘಟ್ಟ ಇಳಿದರೆ ಪಡುವಣ ಕಡಲು ಸಿಗುವಷ್ಟು ಹತ್ತಿರ ಹುಟ್ಟಿಯೂ ಅದಕ್ಕೆ ಬೆನ್ನು ತಿರುಗಿಸಿ, ಗೊರೂರು, ಹೊಳೆನರಸೀಪುರ ದಾಟಿ, ಕಾವೇರಿಯ ಜೊತೆಗೂಡಿ ಬಂಗಾಳ ಕೊಲ್ಲಿಗೇ ಹೋಗುತ್ತಾಳೆ. ಇಂಥ ಊರಿನ ನಡುಮನೆಯಲ್ಲಿ ಹವಳದ ದಿಬ್ಬ ಕಟ್ಟುತ್ತೇನೆಂದು ನಮ್ಮ ಭಾಮೈದ ಹೊರಟಿದ್ದಾನೆ.

ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ. ಹಿಡಿಯುವುದು ನಾನೂರು ಲೀಟರಿಗೂ ಮೇಲೆ. ನೀರು, ಕಲ್ಲು, ಗಾಜು, ಸ್ಟ್ಯಾಂಡು ಸೇರಿ ಅರ್ಧ ಟನ್ ದಾಟುತ್ತದೆ. ಮಹಡಿ ಮೇಲೆ ಇಡಬೇಕೆಂದಿದ್ದವನಿಗೆ ಮೇಸ್ತ್ರಿ ಒಮ್ಮೆ ಮೋಲ್ಡು ನೋಡಿ, ಒಮ್ಮೆ ಇವನ ಮುಖ ನೋಡಿ, "ಕೆಳಗೇ ಇಟ್ಕಳಿ ಸ್ವಾಮಿ" ಎಂದ.

ಇನ್ನು ನೀರು. ಬೋರ್‌ವೆಲ್ಲಿನದು ಆಗುವುದಿಲ್ಲವಂತೆ. ಆರ್‌ಓ ದಾಟಿಸಿ, ಅದರ ಮೇಲೂ ಶೋಧಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕಂತೆ. ಆಮೇಲೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಹದಿನಾಲ್ಕು ಕಿಲೋ ಉಪ್ಪು! ಅದೂ ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೆರೆಸಿದ, ಅಕ್ವೇರಿಯಂಗೆಂದೇ ಬರುವ ಉಪ್ಪು. ನೀರಿನಲ್ಲಿ ಬಿಟ್ಟಿ ಇದ್ದದ್ದನ್ನು ದುಡ್ಡು ಕೊಟ್ಟು ತೆಗೆಸಿ, ಮತ್ತೆ ದುಡ್ಡು ಕೊಟ್ಟು ಹಾಕುವ ಈ ವ್ಯವಹಾರ ಹೊಳೆನರಸೀಪುರದ ದೊಡ್ಡಮ್ಮನಿಗೆ ಹಿಡಿಸಲಿಲ್ಲ. "ಇಷ್ಟು ಉಪ್ಪಲ್ಲಿ ಕೇರಿಗೆಲ್ಲಾ ಉಪ್ಪಿನಕಾಯಿ ಹಾಕ್ಬೋದಿತ್ತಲ್ಲೋ" ಎಂದು ನಾಲ್ಕು ಸಲ ಹೇಳಿದರು.

ಹಾಸನ ಬಡವರ ಊಟಿ, ನೀರು ತಣ್ಣಗಿಡುವ ಚಿಲ್ಲರ್ ಖರ್ಚು ಉಳಿಯಿತು ಎಂಬುದು ಭಾಮೈದನ ಲೆಕ್ಕ. ಹವಳಕ್ಕೆ ಬೇಕಾದದ್ದು 25 ಡಿಗ್ರಿಯ ಆಸುಪಾಸು, ಹಗಲೂ ರಾತ್ರಿಯೂ ಅಷ್ಟೇ. ಡಿಸೆಂಬರ್ ರಾತ್ರಿಗೆ ಹೀಟರ್ ಬೇಕು, ಏಪ್ರಿಲ್ ಮಧ್ಯಾಹ್ನಕ್ಕೆ ಫ್ಯಾನಾದರೂ ಬೇಕು. ಫ್ಯಾನ್ ಹಾಕಿದರೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿದು ಗಟ್ಟಿಯಾಗುತ್ತದೆ. ದಿನಾ ಸಿಹಿನೀರು ತುಂಬಿಸಬೇಕು. ಕರೆಂಟು ಹೋದರೆ ಪಂಪು ಎಬ್ಬಿಸುವ ಅಲೆಯೂ ನಿಂತಿತು, ಆಮ್ಲಜನಕವೂ ಇಳಿಯಿತು. ಹಾಗಾಗಿ ಯುಪಿಎಸ್ಸೂ ಬಂತು. ಮದುವೆಯಲ್ಲಿ ಅಕ್ಕನಿಗೆ ಇಷ್ಟು ಸಾಮಾನು ಕೊಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಎಲ್ಲ ಜೋಡಿಸಿದ ಮೇಲೆ ಅರಕಲಗೂಡಿನ ಚಿಕ್ಕಪ್ಪ ಬಂದರು. ನೀಲಿ ದೀಪ, ಬುಳುಬುಳು ಸದ್ದು, ಒಳಗೆ ಬರೀ ಕಲ್ಲು. "ಮೀನೆಲ್ಲೋ?"

"ಇನ್ನೂ ಒಂದು ತಿಂಗಳಾಗ್ಬೇಕು ಚಿಕ್ಕಪ್ಪ. ಬ್ಯಾಕ್ಟೀರಿಯಾ ಬೆಳೀತಿದಾವೆ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಮೀನು ಹೊರಬಿಡುವ ಅಮೋನಿಯಾವನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಎರಡೂ ಕಲ್ಲಿನ ಸಂದಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ. ಅವಸರಪಟ್ಟು ಮೀನು ಬಿಟ್ಟರೆ ಅದು ತಾನು ಬಿಟ್ಟ ವಿಷದಲ್ಲೇ ಸಾಯುತ್ತದೆ. ದುಡ್ಡಿದ್ದವರ ಈ ಹವ್ಯಾಸದಲ್ಲಿ ದುಡ್ಡಿಗೆ ಬಗ್ಗದ ಭಾಗ ಇದೊಂದೇ ಇರಬೇಕು, ನನಗೆ ಹಿಡಿಸಿದ್ದೂ ಇದೊಂದೇ. ಚಿಕ್ಕಪ್ಪ ಮಾತ್ರ ನಂಬಲಿಲ್ಲ. "ನಮ್ಮ ರಾಮನಾಥಪುರಕ್ಕೆ ಬಾ. ಕಾವೇರಿಗೆ ಒಂದು ಹಿಡಿ ಕಡ್ಲೆಪುರಿ ಎಸಿ, ತೋಳುದ್ದದ ಮೀನು ಮುಗಿಬೀಳ್ತವೆ. ಮೀನೂ ದೇವ್ರದ್ದು, ನೀರೂ ದೇವ್ರದ್ದು, ಕರೆಂಟ್ ಬಿಲ್ಲೇ ಇಲ್ಲ" ಎಂದು ಕಾಫಿ ಮುಗಿಸಿ ಎದ್ದರು.

ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದಲ್ಲಿ ಹವಳವಿದೆಯಂತೆ, ಒಂದೆರಡು ತುಂಡು ತಂದರೆ ಹೇಗೆ ಎಂದು ಭಾಮೈದ ಕೇಳಿದಾಗ ಮಾತ್ರ ನಾನು ತಮಾಷೆ ಬಿಟ್ಟೆ. ದಿಬ್ಬ ಕಟ್ಟುವ ಹವಳಕ್ಕೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ; ಹುಲಿ ಇರುವ ಮೊದಲ ಅನುಸೂಚಿಯಲ್ಲೇ ಅದೂ ಇದೆ. ಹುಲಿಮರಿ ತಂದು ಸಾಕಿದರೆ ಏನಾಗುತ್ತದೋ ಇದಕ್ಕೂ ಅದೇ. ಸದ್ಯಕ್ಕೆ ಒಣಕಲ್ಲು, ಹ್ಯಾಚರಿಯಲ್ಲೇ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು ಸಾಕು ಎಂದೆ. ತಮಿಳುನಾಡಿನ ಮಂಡಪಂನಲ್ಲಿರುವ ಕಡಲಮೀನು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅವನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ, ಕಡಲಿಗೆ ಕೈ ಹಾಕುವ ಅಗತ್ಯವಿಲ್ಲ. ಮುಖ ಸಣ್ಣದು ಮಾಡಿಕೊಂಡು ಒಪ್ಪಿದ.

ಈ ಇಡೀ ಯೋಜನೆಯನ್ನು ಮನಸಾರೆ ಮೆಚ್ಚಿದವರು ಚನ್ನರಾಯಪಟ್ಟಣದ ಮಾವ ಒಬ್ಬರೇ. ವಾರಕ್ಕೆ ನಲವತ್ತು ಲೀಟರ್ ಹಳೇ ನೀರು ತೆಗೆದು ಹೊಸದು ಹಾಕಬೇಕು ಎಂದು ಕೇಳಿದ್ದೇ ಕಿವಿ ನೆಟ್ಟಗಾಯಿತು. "ಉಪ್ಪುನೀರಾ? ತುಳಸೀಗೆ ಸುರಿದೀಯ ಮತ್ತೆ, ಸತ್ತೋಗುತ್ತೆ. ತೆಂಗಿನ ಬುಡಕ್ಕೆ ನಾನು ಉಪ್ಪು ಕೊಂಡು ಹಾಕ್ತಿದೀನಿ ಕಣೋ." ಭಾನುವಾರ ಎರಡು ಕ್ಯಾನು ತರುತ್ತಾರಂತೆ.