ಬೆನ್ನ ಮೇಲಿನ ಸಾಹೇಬರು

ಕಾರಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಹುಣಸಗಿ ಸೀಮೆಯಲ್ಲಿ ಬಣ್ಣ ಹತ್ತದ ವಸ್ತು ಅಂತ ಒಂದೂ ಉಳಿಯುವುದಿಲ್ಲ. ಎತ್ತಿನ ಕೋಡಿಗೆ ವಾರ್ನಿಸ್, ಮೈಗೆ ಹುರಮಂಜ, ಕೊರಳ ಹಗ್ಗಕ್ಕೂ ಹಣೆಯ ಗೊಂಡೆಗೂ ಕೆಂಪು, ಹಸಿರು. ಎತ್ತು ಮೈ ಕೊಡವಿದರೆ ಯಜಮಾನನ ಧೋತರಕ್ಕೂ ಒಂದಿಷ್ಟು. ಹಿಂದೆ ಗೊಂಡೆಗಳನ್ನು ಮನೆಯಲ್ಲೇ ಬಣ್ಣದ ನೀರಿಗೆ ಅದ್ದುತ್ತಿದ್ದರು. ನಮ್ಮ ಅವ್ವ ಆ ಕೆಲಸದಲ್ಲಿ ಓಣಿಗೆಲ್ಲ ಹೆಸರಾದವಳು.

ಬೇಕಾದದ್ದನ್ನು ಮನೆಯಲ್ಲೇ ಮಾಡಿಕೊಳ್ಳುವ ಚಟ ಈ ನೆಲಕ್ಕೆ ಹೊಸದೇನೂ ಅಲ್ಲ. ಇಲ್ಲೇ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ನೋಡಿದಾಗ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು. ಅಂಥ ಊರಿನಲ್ಲಿ ಹುಟ್ಟಿದ ನನ್ನ ಅಣ್ಣನ ಮಗ ಕ್ರಿಕೆಟ್ ಜರ್ಸಿಗೆ ಮನೆಯಲ್ಲೇ ಬಣ್ಣ ಹಾಕುತ್ತೇನೆಂದು ಹೊರಟರೆ ಬೇಡ ಅನ್ನಲು ನಾನು ಯಾರು?

ಜರ್ಸಿ ಪುಕ್ಕಟೆ ಬಂದದ್ದು. ಚುನಾವಣೆ ಹತ್ತಿರವಿದ್ದಾಗ ಟಿಕೆಟ್ ಆಕಾಂಕ್ಷಿಯೊಬ್ಬರು ಓಣಿಯ ತಂಡಕ್ಕೆ ಕೊಡಿಸಿದ್ದರು. ಬಿಳಿ ಜರ್ಸಿ. ಎದೆಯ ಮೇಲೆ ತಂಡದ ಹೆಸರು ಸಣ್ಣಗೆ. ಬೆನ್ನ ತುಂಬ ಕೈಮುಗಿದ ಸಾಹೇಬರು. ಆಮೇಲೆ ಟಿಕೆಟ್ ಸಿಗಲಿಲ್ಲ, ಸಾಹೇಬರು ಪಕ್ಷ ಬಿಟ್ಟರು. ಅವರು ಸೇರಿದ ಪಕ್ಷಕ್ಕೂ ನಮ್ಮ ವಿಕೆಟ್ ಕೀಪರನ ಅಪ್ಪನಿಗೂ ಎಣ್ಣೆ-ಸೀಗೇಕಾಯಿ. ಬ್ಯಾಟ್ಸ್‌ಮನ್ ಹೇಗೋ ಸಂಭಾಳಿಸಬಹುದು, ಆದರೆ ಬೌಲರ್ ಆದವನು ಬೆನ್ನು ತೋರಿಸದೆ ರನ್‌ಅಪ್‌ಗೆ ಹೇಗೆ ಹಿಂದಕ್ಕೆ ಹೋದಾನು?

“ಕಡುನೀಲಿ ಬಣ್ಣದಾಗ ಅದ್ದಿಬಿಡ್ತೀವಿ ಕಾಕಾ. ಸಾಹೇಬ್ರೂ ಮುಳುಗ್ತಾರ, ಇಂಡಿಯಾ ಟೀಮಿನಂಗೂ ಕಾಣತೈತಿ” ಎಂದ.

ಕ್ರಿಕೆಟ್‌ಗೆ ಬಣ್ಣ ಬಂದದ್ದೂ ಹೀಗೇ, ದುಡ್ಡಿದ್ದವರ ಹಟದಿಂದ. ಕೆರಿ ಪ್ಯಾಕರ್ ಎಂಬ ಆಸ್ಟ್ರೇಲಿಯಾದ ಟಿವಿ ಸಾಹುಕಾರ ಆಟಗಾರರನ್ನು ಸಾರಾಸಗಟಾಗಿ ಖರೀದಿ ಮಾಡಿ 1979ರ ಜನವರಿಯಲ್ಲಿ ಅವರಿಗೆ ಬಣ್ಣದ ಬಟ್ಟೆ ತೊಡಿಸಿದ. ಜಗತ್ತನ್ನೇ ನಡುಗಿಸುತ್ತಿದ್ದ ವೆಸ್ಟ್ ಇಂಡೀಸಿನ ವೇಗದ ಬೌಲರುಗಳ ಪಾಲಿಗೆ ಬಂದದ್ದು ಗುಲಾಬಿ! ವಿಶ್ವಕಪ್ಪಿಗೆ ಬಣ್ಣ ಹತ್ತಲು 1992 ಬರಬೇಕಾಯಿತು. ಆ ವರ್ಷ ನಮ್ಮವರು ತೊಟ್ಟ ಕಡುನೀಲಿಯೇ ಹುಡುಗನ ತಲೆಯಲ್ಲಿದ್ದದ್ದು, ಅವನು ಹುಟ್ಟುವ ಮೊದಲಿನ ಮಾತಾದರೂ.

ಅಂಗಳದಲ್ಲಿ ಮೂರು ಕಲ್ಲು ಹೂಡಿದರು. ಹೋಳಿಗೆಯ ಬೇಳೆ ಬೇಯಿಸುವ ನಮ್ಮ ದೊಡ್ಡ ಡಬರಿ ಬಂತು. ಹೆಂಡತಿ ನನ್ನ ಕಡೆ ನೋಡಿದ ನೋಟಕ್ಕೆ ಒಲೆ ಹಚ್ಚದೆಯೇ ನೀರು ಕಾಯಬೇಕಿತ್ತು. ಕಿರಾಣಿ ಅಂಗಡಿಯ ಬಣ್ಣದ ಪುಡಿ ಸುರಿದು, ಹಿಡಿಗಟ್ಟಲೆ ಉಪ್ಪು ಹಾಕಿ, ತೊಗರಿಕಟ್ಟಿಗೆಯ ಉರಿ ಕೊಟ್ಟರು. ಕಟ್ಟೆಯ ಮೇಲೆ ಕೂತಿದ್ದ ಅವ್ವ, “ಮೊದಲ ಒಂದ ಎಳಿ ಸುಟ್ಟ ನೋಡ್ರೋ” ಎಂದಳು. ಆಕೆ ಬೇರೇನೋ ಶಾಸ್ತ್ರ ಹೇಳುತ್ತಿದ್ದಾಳೆ ಎಂದುಕೊಂಡು ಹುಡುಗರು “ಆತಬೇ ಆಯಿ” ಅಂದು ಕೋಲು ತಿರುವಿದರು.

ಡಬರಿಯಲ್ಲಿ ನೀರು ಮಸಿಯಷ್ಟು ದಟ್ಟವಾಗಿತ್ತು. ಜರ್ಸಿ ಎತ್ತಿದಾಗ ಅದೂ ಕಡುನೀಲಿ. ಹುಡುಗರು ಕೇಕೆ ಹಾಕಿದರು. ಕೇಕೆ ನಳದ ತನಕ ಉಳಿಯಿತು. ತಣ್ಣೀರು ಬಿದ್ದದ್ದೇ ತಡ, ನೀಲಿಯೆಲ್ಲ ಸರಸರನೆ ಇಳಿದು ಗಟಾರ ಹಿಡಿಯಿತು. ಕೈಯಲ್ಲಿ ಉಳಿದದ್ದು ಉಜಾಲಾ ಚೂರು ಹೆಚ್ಚಾದ ಧೋತರದಂಥ ಬಟ್ಟೆ. ಸಾಹೇಬರು ಮಾತ್ರ ಒಂದು ಕೂದಲೂ ಕೊಂಕದೆ, ಸ್ನಾನ ಮುಗಿಸಿ ಬಂದವರಂತೆ ಮೊದಲಿಗಿಂತ ಕಳೆಕಳೆಯಾಗಿ ಕೈಮುಗಿದು ನಿಂತಿದ್ದರು.

ಬಣ್ಣ ಹತ್ತಲೇ ಇಲ್ಲ ಅಂತಲೂ ಅಲ್ಲ. ಕೋಲಿಗೆ ಹತ್ತಿತ್ತು, ಹಾಸುಗಲ್ಲಿಗೆ ಹತ್ತಿತ್ತು, ಏನೆಂದು ಮೂಸಲು ಬಂದ ಕರುವಿನ ಮೂತಿಗೆ ಹತ್ತಿತ್ತು. ಡಬರಿ ಹಿಡಿದು ಇಳಿಸಲೆಂದು ತಂದ ಹಳೆಯ ಹತ್ತಿಯ ಟವೆಲ್ ಒಂದು ಒಳಗೆ ಬಿದ್ದಿತ್ತು ನೋಡಿ, ಅದೊಂದೇ ಆ ದಿನ ಇಂಡಿಯಾ ಟೀಮಿಗೆ ಆಯ್ಕೆಯಾಗುವ ಹಾಗೆ ಎದ್ದು ಬಂತು. ಇನ್ನೂ ಮಜಾ ಹೊಲಿಗೆಯದು. ಪುಕ್ಕಟೆ ಜರ್ಸಿಗಳೆಲ್ಲ ಒಂದೇ ಅಳತೆ; ಹುಡುಗರು ಟೇಲರ್ ಹತ್ತಿರ ಒಯ್ದು ತಮತಮಗೆ ಬೇಕಾದಷ್ಟು ಹಿಡಿಸಿಕೊಂಡಿದ್ದರು. ಆತ ಹೊಲಿದದ್ದು ಹತ್ತಿ ದಾರದಲ್ಲಿ. ಆ ದಾರ ಗಟಗಟನೆ ಬಣ್ಣ ಕುಡಿದು ಪಕ್ಕೆಯುದ್ದಕ್ಕೂ ಕಡುನೀಲಿ ಗೆರೆ ಎಳೆದುಬಿಟ್ಟಿತ್ತು. ಓಪನರ್ ನಾಲ್ಕು ಬೆರಳು ಹಿಡಿಸಿದ್ದು, ನಮ್ಮ ಕ್ಯಾಪ್ಟನ್ ಹಿಡಿಸಿ, ಆಮೇಲೆ ಹೊಟ್ಟೆ ಬಂದು ಬಿಚ್ಚಿಸಿ, ಮತ್ತೆ ಹೊರಗೊಂದು ಹೊಲಿಗೆ ಹಾಕಿಸಿದ್ದು, ಎಲ್ಲ ಊರಿಗೆಲ್ಲ ಓದಲು ಬರುವಂತಾಯಿತು.

ತಪ್ಪು ಪುಡಿಯದೂ ಅಲ್ಲ, ಉರಿಯದೂ ಅಲ್ಲ. ಹತ್ತಿ ನೀರು ಕುಡಿಯುವ ಜಾತಿ. ನೀರಿನ ಜೊತೆ ಬಣ್ಣವನ್ನೂ ಒಳಗೆ ಕರೆದುಕೊಳ್ಳುತ್ತದೆ, ಉಪ್ಪು ಅದಕ್ಕೆ ಇನ್ನಷ್ಟು ಒತ್ತಾಸೆ. ನಮ್ಮ ಜರ್ಸಿಯೋ ಪಾಲಿಯೆಸ್ಟರ್, ಪ್ಲಾಸ್ಟಿಕ್ಕಿನ ಎಳೆ. ನೀರನ್ನೇ ಹೊಸಿಲ ಹೊರಗೆ ನಿಲ್ಲಿಸುತ್ತದೆ. ಅದಕ್ಕೆ ಡಿಸ್ಪರ್ಸ್ ಎಂಬ ಬೇರೆ ಕುಲದ ಬಣ್ಣವೇ ಬೇಕು, ಅದೂ ಗಿರಣಿಯಲ್ಲಿ ಬಿಗಿದು ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಹಾಕಿ ಸುಮಾರು 130 ಡಿಗ್ರಿಗೆ ಕಾಯಿಸಿದರೆ ಎಳೆ ಸಡಿಲಾಗಿ ಬಣ್ಣಕ್ಕೆ ದಾರಿ ಬಿಡುತ್ತದೆ. ತೆರೆದ ಡಬರಿಯಲ್ಲಿ ನೀವು ಇಡೀ ತೊಗರಿಕಟ್ಟಿಗೆಯ ಬಣವೆ ಉರಿಸಿದರೂ ನೀರು 100ರ ಮೇಲೆ ಏರುವುದಿಲ್ಲ. ಇದನ್ನು ಹೇಳಿದ್ದೇ, ಹುಡುಗನ ಕಣ್ಣು ಅಡುಗೆಮನೆಯ ಕುಕ್ಕರಿನ ಕಡೆ ಹೋಯಿತು. ಇವಳು ಬಾಗಿಲಿಗೆ ಅಡ್ಡ ಬಂದು ನಿಂತಳು. ಕುಕ್ಕರೂ 120ರ ಸುತ್ತಮುತ್ತಲೇ ಸೀಟಿ ಹೊಡೆದು ಕೈಚೆಲ್ಲುತ್ತದೆ ಎಂದು ತಿಳಿಸಿ ಮನೆಯ ಶಾಂತಿ ಕಾಪಾಡಿದೆ.

ಸಾಹೇಬರ ಗುಟ್ಟೂ ಅಲ್ಲೇ ಇದೆ. ಇಂಥ ಜರ್ಸಿಯ ಮೇಲಿನ ಫೋಟೊವನ್ನು ಮೊದಲು ಕಾಗದದ ಮೇಲೆ ಅಚ್ಚು ಹಾಕಿ, ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿಯಲ್ಲಿ ಒತ್ತುತ್ತಾರೆ. ಬಣ್ಣ ಹಬೆಯಾಗಿ ಎಳೆಯ ಒಳಗೇ ಹೋಗಿ ಕೂರುತ್ತದೆ. 200ರಲ್ಲಿ ಒಳಗೆ ಹೋದವರು ನಮ್ಮ 100ಕ್ಕೆ ಹೊರಗೆ ಬಂದಾರೆಯೇ? ರಾಜಕಾರಣ ಬಲ್ಲವರು ಕೇಳಬೇಕಾದ ಪ್ರಶ್ನೆಯೇ ಅಲ್ಲ ಇದು.

ಟೂರ್ನಮೆಂಟಿಗೆ ಅದನ್ನೇ ತೊಟ್ಟು ಹೋದರು. ಫೈನಲ್‌ಗೆ ಬಂದ ಮುಖ್ಯ ಅತಿಥಿ ಯಾರೆಂದುಕೊಂಡಿರಿ? ಸಾಹೇಬರೇ. ಬಣ್ಣ ಮಾಸಿದ ಬಟ್ಟೆಯಲ್ಲೂ ತಮ್ಮ ಮುಖವನ್ನು ಇಷ್ಟು ಜೋಪಾನ ಮಾಡಿದ್ದಾರಲ್ಲ ಎಂದು ಅವರ ಕಣ್ಣು ತುಂಬಿತು. ಮೈಕಿನಲ್ಲಿ ನಿಷ್ಠೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಬಣ್ಣದ ಹುಚ್ಚು ಅಲ್ಲಿಗೆ ಇಳಿಯಬೇಕಿತ್ತು. ಇಳಿಯದೆ ಇದ್ದದ್ದಕ್ಕೆ ಕಾರಣ ನಾರಾಯಣಪುರ ಎಡದಂಡೆ ಕಾಲುವೆ. ಆ ನೀರು ಬಂದ ಮೇಲೆ ಜೋಳದ ನೆಲದಲ್ಲಿ ನೆಲ್ಲು ನಿಂತಿದೆ, ನಮ್ಮ ಹುಡುಗರ ಸಿಕ್ಸರುಗಳೆಲ್ಲ ಆ ಗದ್ದೆಗೇ ಬೀಳುತ್ತವೆ. ಅವರು ಆಡುವ ಟೆನಿಸ್ ಬಾಲಿನ ಬಣ್ಣವೋ ಹಸಿರಿಗೆ ತಿರುಗಿದ ಹಳದಿ. ಟಿವಿ ನೋಡುವವರಿಗೆ ಚೆನ್ನಾಗಿ ಕಾಣಲಿ ಎಂದು 1972ರಲ್ಲಿ ಟೆನಿಸ್ ಒಕ್ಕೂಟದವರು ಈ ಹಳದಿಗೆ ಒಪ್ಪಿಗೆ ಕೊಟ್ಟರು. ವಿಂಬಲ್ಡನ್‌ನವರು 1986ರ ತನಕ ಬಿಳಿಯನ್ನೇ ಹಿಡಿದು ಕೂತಿದ್ದರು. ಟಿವಿಯಲ್ಲಿ ಎದ್ದು ಕಾಣುವ ಈ ಬಾಲ್ ನೆಲ್ಲಿನ ಗದ್ದೆಯಲ್ಲಿ ಕಾಲಡಿಗಿದ್ದರೂ ಕಾಣುವುದಿಲ್ಲ. ಮೇಲಾಗಿ ಗದ್ದೆಯ ಮಾಲಕರು ಹುಡುಕಲು ಬಿಡುವವರೂ ಅಲ್ಲ.

ಬಾಲಿಗೇ ಕೆಂಪು ಬಣ್ಣ ಹಾಕೋಣ ಎಂದು ಹುಡುಗರು ಹೊರಟರು. ಈ ಸಲ ಅವ್ವನೇ ಕಟ್ಟೆ ಇಳಿದು ಬಂದಳು. ಬಾಲಿನ ಜುಂಜು ಒಂದಿಷ್ಟು ಕಿತ್ತು ಬೆಂಕಿಕಡ್ಡಿ ಗೀರಿದಳು. ಕೂದಲು ಸುಟ್ಟ ವಾಸನೆ ಬಂತು. “ಉಣ್ಣಿ ಐತಿ, ಹಿಡೀತೈತಿ. ಒಂದೀಟು ಹುಳಿ ತರ್ರಿ” ಎಂದಳು. ಆಕೆಗೆ ಗೊತ್ತಿದ್ದದ್ದು ಗೊಂಡೆ. ಆದರೆ ಲೆಕ್ಕ ಒಂದೇ. ಒಳ್ಳೆಯ ಟೆನಿಸ್ ಬಾಲಿನ ಮೇಲಿನ ಹೊದಿಕೆ ಉಣ್ಣೆ ಮತ್ತು ನೈಲಾನ್ ಬೆರೆಸಿದ್ದು. ಎರಡೂ ಹುಳಿ ಬಿದ್ದ ಬಿಸಿನೀರಿನಲ್ಲಿ ಬಣ್ಣಕ್ಕೆ ತಟ್ಟನೆ ಒಲಿಯುತ್ತವೆ. ಬೇರೆ ದೇಶಗಳಲ್ಲಿ ಇದಕ್ಕೆ ವಿನೆಗರ್ ಸುರಿಯುತ್ತಾರೆ, ನಮ್ಮಲ್ಲಿ ಚಮಚ ನಿಂಬೆ ಉಪ್ಪು ಸಾಕಾಯಿತು. ಹುಣಸೆಹುಳಿಯೂ ನಡೆಯುತ್ತಿತ್ತು, ಆದರೆ ಕೆಂಪಿಗೆ ಸಾರಿನ ಕಪ್ಪು ಬರುತ್ತದೆಂದು ಅವ್ವ ಒಲ್ಲೆ ಅಂದಳು. ಕುದಿಯನ್ನೂ ಬೇಡವೆಂದಳು. ಕೆಂಡದ ಮೇಲೆ ಸಣ್ಣಗೆ ಕಾಯಲು ಬಿಟ್ಟಳು, ರಬ್ಬರಿನ ಅಂಟು ಬಿಚ್ಚಬಾರದಲ್ಲ.

ಬಾಲ್ ತೇಲುತ್ತದೆ ಎಂಬುದು ಮಾತ್ರ ಯಾರ ಶಾಸ್ತ್ರದಲ್ಲೂ ಇರಲಿಲ್ಲ. ಮುಳುಗಿದ ಅರ್ಧ ಕುಂಕುಮದ ಕೆಂಪು, ನೀರ ಮೇಲಿದ್ದ ಅರ್ಧ ಹಾಗೇ ಹಳದಿ. ಅದನ್ನೇ ಒಣಗಿಸಿ ಆಡಿದರು. ಗಾಳಿಯಲ್ಲಿ ಬಾಲ್ ಯಾವ ಕಡೆ ತಿರುಗುತ್ತಿದೆ ಎಂಬುದು ಎರಡು ಬಣ್ಣದಲ್ಲಿ ಸ್ಪಷ್ಟವಾಗಿ ಕಂಡು, ನಮ್ಮ ಆಫ್ ಸ್ಪಿನ್ನರ್ ಇಷ್ಟು ವರ್ಷ ಏನನ್ನೂ ತಿರುಗಿಸುತ್ತಿರಲಿಲ್ಲ ಎಂಬ ಸತ್ಯ ಬಯಲಾಯಿತು. ಸ್ಪಿನ್ ಕಲಿಸುವ ತರಬೇತುದಾರರು ಇಂಥ ಎರಡು ಬಣ್ಣದ ಬಾಲನ್ನು ದುಡ್ಡು ಕೊಟ್ಟು ತರಿಸುತ್ತಾರೆ ಎಂದು ಅವನಿಗೆ ಸಮಾಧಾನ ಹೇಳಿದೆ. ಅವನು ನನ್ನ ಜೊತೆ ಮಾತು ಬಿಟ್ಟ. ಮುಂದಿನ ಸಲ ಅವ್ವ ಬಾಲುಗಳ ಮೇಲೆ ತೂತಿನ ತಟ್ಟೆ ಬೋರಲು ಹಾಕಿ ಗುಂಡಕಲ್ಲು ಹೇರಿದಳು. ಪೂರ್ತಿ ಕೆಂಪಾದವು.

ಈಗ ಬೇರೆ ಓಣಿಯ ಹುಡುಗರೂ ಬಾಲ್ ತರುತ್ತಾರೆ. ಕಾನೂನು ಹೆಂಡತಿಯದು: ಕಟ್ಟಿಗೆ ಅವರದೇ, ಬಣ್ಣ ಅವರದೇ, ಡಬರಿ ಫಳಫಳ ತಿಕ್ಕಿ ಬೋರಲು ಹಾಕಿ ಹೋಗಬೇಕು. ಕೈಗವಸು, ಪ್ಯಾಡಿನ ಪಟ್ಟಿ, ಟೊಪ್ಪಿಗೆ ಏನೇ ತಂದರೂ ಅವ್ವನ ಬೆಂಕಿಕಡ್ಡಿಯ ಪರೀಕ್ಷೆ ಪಾಸಾಗಬೇಕು. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾದರೆ ಹತ್ತಿ, ಒಲೆಗೆ. ಕೂದಲ ವಾಸನೆ ಬಂದರೆ ಉಣ್ಣೆ, ಹುಳಿ ಹಾಕಿ ಒಲೆಗೆ. ಕರಗಿ ಗಟ್ಟಿ ಮಣಿಯಾದರೆ ವಾಪಸ್.

ಮೊನ್ನೆ ಒಬ್ಬ ಹುಡುಗ ಹೊಸ ಜರ್ಸಿಗಳ ಗಂಟು ತಂದ. ಬೇರೆ ತಂಡ, ಬೇರೆ ಪಕ್ಷ, ಬೆನ್ನ ಮೇಲೆ ಬೇರೆ ಸಾಹೇಬರು. “ಆಯಿ, ಹೆಂಗರೆ ಮಾಡಿ ಇವ್ರನ್ನ ಅಳಿಸಿಕೊಡ್ರಿ” ಎಂದು ಗೋಗರೆದ. ಅವ್ವ ಅಂಚಿನಿಂದ ಎಳೆಯೊಂದನ್ನು ಎಳೆದು ಕಡ್ಡಿ ಗೀರಿದಳು, ತುದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

“ಮಣಿ ಆತ ನೋಡಪಾ. ಇವ್ರೂ ಹೋಗೋರಲ್ಲ. ಒಯ್ದು ಹಂಗ ತೊಟ್ಕೋ.”