ಪ್ಯಾಚ್ ರಾಯರು

ಬೆಂಗಳೂರಿನ ಯಾವ ಐಟಿ ಕಚೇರಿಗೆ ಹೋದರೂ ಇವರೊಬ್ಬರು ಇದ್ದೇ ಇರುತ್ತಾರೆ. ನಿಜನಾಮ ಏನೇ ಇರಲಿ, ಪ್ಯಾಚ್ ರಾಯರು ಎನ್ನೋಣ. ಏಪ್ರಿಲ್ ತಿಂಗಳಲ್ಲೂ ಸ್ವೆಟರು, ಮುಖದಲ್ಲಿ ಯಾರನ್ನೂ ನಂಬದ ಕಳೆ. ರೂಟರು, ಸ್ವಿಚ್ಚುಗಳು ಬದುಕಿವೆಯೇ ಎಂದು ಹಗಲಿರುಳು ಕಾಯುವುದು ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಸರ್ವರು. ಅದನ್ನು ಕಾಯುವವರು ರಾಯರು. ರಾಯರನ್ನು ಕಾಯುವವರು ಅವರ ಮನೆಯಾಕೆ, ರಾತ್ರಿ ಊಟಕ್ಕೆ.

ಮಂಗಳವಾರ ಶುಭಕಾರ್ಯ ಬೇಡ ಎನ್ನುವುದನ್ನು ಮೈಕ್ರೋಸಾಫ್ಟ್‌ನವರಿಗೆ ಯಾರೂ ಹೇಳಿಲ್ಲ. 2003ರಿಂದಲೂ ಅವರು ತಿಂಗಳ ಎರಡನೇ ಮಂಗಳವಾರವೇ ಪ್ಯಾಚ್ ಬಿಡುತ್ತಾರೆ. ರಾಯರು ಅವತ್ತು ಟಿಪ್ಪಣಿ ಓದುತ್ತಾರೆ, ಸರ್ವರ್ ಮುಟ್ಟುವುದಿಲ್ಲ. ‘ಮೊದಲು ಬೇರೆಯವರದ್ದು ಬೀಳಲಿ.’ ಹಾಗಂತ ತೀರಾ ತಡಮಾಡುವವರೂ ಅಲ್ಲ. 2017ರ ಮಾರ್ಚ್‌ನಲ್ಲೇ ಬಂದ ಪ್ಯಾಚನ್ನು ಹಾಕಿಕೊಳ್ಳದವರನ್ನು ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ನುಂಗಿದ ಕಥೆಯನ್ನು ಹೊಸ ಹುಡುಗರಿಗೆ ಹೇಳುತ್ತಾರೆ. ಬೆನ್ನಿಗೇ, 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದೇ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿದ ಕಥೆ. ‘ಹಾಗಾದರೆ ಯಾವಾಗ ಹಾಕಬೇಕು ಸಾರ್?’ ಎಂದರೆ, ‘ನಾನು ಹೇಳಿದಾಗ.’

ಒಮ್ಮೆ ರಾಯರು ರಜೆಯಲ್ಲಿದ್ದಾಗ ಹುಡುಗನೊಬ್ಬ ಲಿನಕ್ಸ್ ಸರ್ವರಿನಲ್ಲಿ ‘ಯಮ್ ಅಪ್‌ಡೇಟ್’ ಎಂದು ಟೈಪಿಸಿ, ಅದು ಕೇಳಬಹುದಾದ ಪ್ರಶ್ನೆಗೆಲ್ಲ ಮುಂಗಡವಾಗಿಯೇ ಒಪ್ಪಿಗೆ ಕೊಟ್ಟುಬಿಟ್ಟ. ಆಪರೇಟಿಂಗ್ ಸಿಸ್ಟಮ್ಮಿನ ಜೊತೆಗೆ ಜಾವಾ ಬದಲಾಯಿತು, ಡೇಟಾಬೇಸೂ ಬದಲಾಯಿತು. ಅವೆರಡನ್ನೂ ನಂಬಿದ್ದ, ನೆಟ್‌ವರ್ಕ್ ಕಾಯುವ ನಿಗಾ ತಂತ್ರಾಂಶ ಕಣ್ಣು ಮುಚ್ಚಿತು. ತಮಾಷೆಯೆಂದರೆ ಯಾರಿಗೂ ಗೊತ್ತಾಗಲಿಲ್ಲ; ಕೆಟ್ಟದ್ದನ್ನು ಹೇಳಬೇಕಾದದ್ದೇ ಕೆಟ್ಟರೆ ಹೇಳುವವರು ಯಾರು? ‘ಇಡೀ ವಾರ ಒಂದೂ ಅಲಾರಂ ಇಲ್ಲ, ನೆಟ್‌ವರ್ಕ್ ಎಷ್ಟು ಸ್ಟೇಬಲ್!’ ಎಂದು ಮ್ಯಾನೇಜರು ಎಲ್ಲರಿಗೂ ಅಭಿನಂದನೆಯ ಮೇಲ್ ಕಳಿಸಿದರು. ಮೇಲ್ ಓದಿದ ರಾಯರು ಊರಿನಿಂದ ಅದೇ ರಾತ್ರಿ ಬಸ್ಸು ಹತ್ತಿದರು. ‘ಯಮನನ್ನು ಕರೆದು ಹೂಂ ಅಂದಿದ್ದೀಯಲ್ಲೋ!’ ಎಂದದ್ದು ಬಿಟ್ಟರೆ ಹುಡುಗನಿಗೆ ಮತ್ತೇನೂ ಬೈಯಲಿಲ್ಲ.

ರಾಯರ ಕ್ರಮವೇ ಬೇರೆ. ಟೆಸ್ಟ್ ಸರ್ವರಿನಲ್ಲಿ ಒಂದು ವಾರ ಅಗ್ನಿಪರೀಕ್ಷೆ. ತಂತ್ರಾಂಶ ಕೊಟ್ಟವರಿಂದ ‘ಈ ಪ್ಯಾಚ್‌ಗೆ ನಮ್ಮ ಅಭ್ಯಂತರವಿಲ್ಲ’ ಎಂಬ ಲಿಖಿತ ಮಾತು, ಬಾಯಿಮಾತು ನಡೆಯದು. ಶನಿವಾರ ನಡುರಾತ್ರಿ ಸೇವೆಗಳನ್ನು ನಿಲ್ಲಿಸಿ, ಡೇಟಾಬೇಸಿನ ಬ್ಯಾಕಪ್ ಬೇರೆ ಯಂತ್ರಕ್ಕೆ ಸಾಗಿಸಿ, ಸ್ನ್ಯಾಪ್‌ಶಾಟ್ ತೆಗೆದು, ಆಮೇಲಷ್ಟೇ ಅಪ್‌ಡೇಟು. ರೀಬೂಟ್ ಆದ ಮೇಲೆ ಒಂದು ಸ್ವಿಚ್ಚಿನ ಕೇಬಲನ್ನು ತಾವೇ ಕಿತ್ತು, ಅಲಾರಂ ಕೂಗಿದರೇ ಮನೆಗೆ. ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎನ್ನುತ್ತದೆ ವಿಎಂವೇರ್. ನೆಂಟರ ವಿಷಯದಲ್ಲಿ ರಾಯರದೂ ಅದೇ ಕಾನೂನು.

ಅಪ್ರೈಸಲ್ಲಿನಲ್ಲಿ ‘ಈ ವರ್ಷದ ಸಾಧನೆ’ ಎಂಬ ಕಡೆ ‘ಏನೂ ಆಗಲಿಲ್ಲ’ ಎಂದು ಬರೆಯುತ್ತಾರೆ. ಮೇಲಿನವರು ಅದನ್ನು ಅಕ್ಷರಶಃ ನಂಬಿ ‘ಸಾಧಾರಣ’ ಎಂದು ಅಂಕ ಕೊಡುತ್ತಾರೆ. ನಿಮ್ಮ ಕಚೇರಿಯಲ್ಲಿ ಇಂಥವರಿದ್ದರೆ ಅಂಕ ನಿಮ್ಮಿಷ್ಟ. ರಜೆ ಅರ್ಜಿಗೆ ಸಹಿ ಹಾಕುವ ಮುನ್ನ ಮಾತ್ರ, ರೂಟ್ ಪಾಸ್‌ವರ್ಡ್ ಇನ್ನು ಯಾರ ಹತ್ತಿರ ಇದೆ ಎಂದು ಕೇಳಿಕೊಳ್ಳಿ.