ಮೀನುದೋಣಿಯಲ್ಲಿ ಸ್ಕೂಬಾ ಸಿಲಿಂಡರ್: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ತಾವೀಗ ಒಂದು ಸಣ್ಣ ಮೀನುದೋಣಿ ಮತ್ತು ಹನ್ನೆರಡು ಸ್ಕೂಬಾ ಸಿಲಿಂಡರುಗಳ ಯಜಮಾನರು. ಮೊನ್ನೆ ಮೊನ್ನೆಯವರೆಗೆ ಬಂಗುಡೆ ತರುತ್ತಿದ್ದ ದೋಣಿ ಇನ್ನು ಮುಂದೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರನ್ನು ಒಯ್ಯಲಿದೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ಅವರೆಲ್ಲ ನೋಡಿದ್ದಾರೆ. ದಡದಿಂದ ದ್ವೀಪಕ್ಕೆ ಸುಮಾರು 19 ಕಿಲೋಮೀಟರು. ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ಎಂಜಿನ್ ಸ್ಟಾರ್ಟ್ ಮಾಡಬೇಕು. ಯಾರೂ ಓದುವುದಿಲ್ಲ ಎಂಬುದು ನಮಗೂ ಗೊತ್ತು. ಹಾಗೆಂದು ಅಚ್ಚು ಹಾಕಿಸದೇ ಇರಲಾಗುತ್ತದೆಯೇ?

ಭಾಗ 1: ನಿಮ್ಮ ಸಿಲಿಂಡರಿನ ಪರಿಚಯ

ಡೈವಿಂಗಿನವರು ‘ಅಲ್ಯುಮಿನಿಯಂ ಎಂಬತ್ತು’ ಎಂದು ಕರೆಯುವ ಸಿಲಿಂಡರೇ ಹೆಚ್ಚಾಗಿ ನಿಮ್ಮ ಕೈಗೆ ಬರುವುದು. ಖಾಲಿ ಇದ್ದಾಗ ತೂಕ 14 ಕಿಲೋದ ಆಸುಪಾಸು, ಮೇಲೆ ಹಿತ್ತಾಳೆಯ ವಾಲ್ವ್. ಒಳಗೆ 11 ಲೀಟರ್ ಜಾಗ. ಆ ಜಾಗಕ್ಕೆ ಎರಡು ಸಾವಿರಕ್ಕೂ ಹೆಚ್ಚು ಲೀಟರ್ ಗಾಳಿಯನ್ನು 207 ಬಾರ್ ಒತ್ತಡದಲ್ಲಿ ತುರುಕಿರುತ್ತಾರೆ. ಗಾಳಿಗೂ ತೂಕವಿದೆ, ಅದೇ ಎರಡೂವರೆ ಕಿಲೋ ದಾಟುತ್ತದೆ. ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಒತ್ತಡ ಸಾಮಾನ್ಯ ದಿನಗಳಲ್ಲಿ ಹತ್ತು ಬಾರ್‌ನೊಳಗೇ ಇರುತ್ತದೆ, ಅದು ನಿಲ್ಲುವುದು ಅಲುಗಾಡದ ನೆಲದ ಮೇಲೆ. ಆದರೂ ಅದನ್ನು ನಾವು ಹೆದರುತ್ತ ಮುಟ್ಟುತ್ತೇವೆ. ಇಪ್ಪತ್ತು ಪಟ್ಟು ಒತ್ತಡದ ಈ ಬಡಪಾಯಿಯನ್ನು ಮಾತ್ರ ತೆರೆಯ ಮೇಲೆ ಕುಣಿಯುವ ದೋಣಿಯಲ್ಲಿ, ಐಸ್ ಪೆಟ್ಟಿಗೆಗೂ ಲಂಗರಿಗೂ ನಡುವೆ, ಒಂದು ಹಳೇ ಲುಂಗಿ ಹೊದಿಸಿ ಮಲಗಿಸುತ್ತೇವೆ.

ಒಳಗಿರುವುದು ಆಕ್ಸಿಜನ್ ಅಲ್ಲ, ನಾವು ನೀವು ಉಸಿರಾಡುವ ಗಾಳಿಯೇ. ಪ್ರಯಾಣಿಕರು ‘ಆಕ್ಸಿಜನ್ ಸಿಲಿಂಡರ್’ ಎಂದರೆ ತಿದ್ದಲು ಹೋಗಬೇಡಿ. ನೇತ್ರಾಣಿಯ ದಾರಿ ಅಷ್ಟು ಉದ್ದವಿಲ್ಲ.

ಕುತ್ತಿಗೆಯ ಹತ್ತಿರ ಕೆತ್ತಿದ ಅಂಕಿಗಳಿರುತ್ತವೆ. ಒತ್ತಡದ ಪರೀಕ್ಷೆ ಕೊನೆಯ ಸಲ ಯಾವಾಗ ಆಯಿತೆಂದು ಹೇಳುವುದು ಅವೇ. ಇವುಗಳ ಮೇಲೆ ಬಣ್ಣ ಬಳಿಯಬೇಡಿ. ದೋಣಿಗೆ ಬಳಿದು ಉಳಿದ ನೀಲಿ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಬೇಡ.

ಭಾಗ 2: ಎಲ್ಲಿ ಇಡಬೇಕು

ತಳದಲ್ಲಿ, ದೋಣಿಯ ನಡುಭಾಗಕ್ಕೆ ಆದಷ್ಟು ಹತ್ತಿರ. ತುಂಬಿದ ಹನ್ನೆರಡು ಸಿಲಿಂಡರುಗಳ ತೂಕ ಇನ್ನೂರು ಕಿಲೋ. ಮಾತಾಡದ, ವಾಂತಿ ಮಾಡದ, ಫೋಟೊ ತೆಗೆಯಲು ಒಂದೇ ಬದಿಗೆ ಓಡದ ಮೂವರು ಪ್ರಯಾಣಿಕರು ಎಂದು ತಿಳಿಯಿರಿ. ಅವರನ್ನು ಚಪ್ಪರದ ಮೇಲೆ ಕೂರಿಸುತ್ತೀರಾ? ಇಲ್ಲ ತಾನೆ. ಸಿಲಿಂಡರನ್ನೂ ಕೂರಿಸಬೇಡಿ. ಭಾರ ಮೇಲೇರಿದಷ್ಟೂ ದೋಣಿ ಓಲಾಡುವುದು ಹೆಚ್ಚು, ಓಲಿದ ಮೇಲೆ ನೆಟ್ಟಗಾಗುವುದು ನಿಧಾನ.

ಮೀನು ತುಂಬುವ ಗುಂಡಿ ಖಾಲಿಯೇ ಇದೆಯಲ್ಲ, ಅಲ್ಲೇ ಇಡೋಣ ಎಂಬ ವಿಚಾರ ಪ್ರತಿಯೊಬ್ಬ ತಾಂಡೇಲನಿಗೂ ಬಂದೇ ಬರುತ್ತದೆ. ಜಾಗ ತಗ್ಗಿನಲ್ಲಿದೆ, ತಂಪೂ ಹೌದು. ಆದರೆ ಅಲ್ಲಿ ಉಪ್ಪುನೀರು ನಿಂತಿರುತ್ತದೆ, ಹೋದ ವರ್ಷದ ಹುರುಪೆಯೂ ಇರುತ್ತದೆ. ವಾಲ್ವಿನ ಬಾಯಿಗೆ ಅದು ಮೆತ್ತಿಕೊಂಡರೆ ಮುಂದಿನ ಉಸಿರಿನ ರುಚಿ ಕೊಪ್ಪದಿಂದ ಬಂದ ಮೇಡಂಗೆ ಗೊತ್ತಾಗುತ್ತದೆ. ಅಲ್ಲಿಯೇ ಇಡಬೇಕೆಂದಿದ್ದರೆ ಗುಂಡಿಯನ್ನು ತೊಳೆದು, ಒಣಗಿಸಿ, ಹಲಗೆ ಹಾಸಿ, ವಾಲ್ವಿಗೆ ಮುಚ್ಚಳ ಹಾಕಿ ಇಡಿ.

ಸೀಮೆಎಣ್ಣೆ ಕ್ಯಾನಿನ ಪಕ್ಕ ಬೇಡ. ಗಾಳಿ ತುಂಬುವ ಕಂಪ್ರೆಸರನ್ನು ದೋಣಿಗೇ ಏರಿಸುವ ಯೋಚನೆಯಿದ್ದರೆ ಅದನ್ನು ಇಲ್ಲೇ ಬಿಟ್ಟುಬಿಡಿ. ಎಂಜಿನ್ನಿನ ಹೊಗೆ ಗಾಳಿಯ ಜತೆ ಒಳಗೆ ಹೋದರೆ ನೀರಿನ ಒತ್ತಡದಲ್ಲಿ ಅದರ ವಿಷ ಇಮ್ಮಡಿ ಮುಮ್ಮಡಿಯಾಗುತ್ತದೆ. ಇದು ತಮಾಷೆಯ ಕಲಂ ಅಲ್ಲ.

ಬಿಸಿಲಿನ ಬಗ್ಗೆ ಜನ ಹೇಳುವುದರಲ್ಲಿ ಅರ್ಧ ಪುಕಾರು. ತಾಪ 30 ಡಿಗ್ರಿ ಏರಿದರೆ ಒತ್ತಡ ಏರುವುದು ಸುಮಾರು ಹತ್ತನೇ ಒಂದು ಪಾಲು. ಸರಿಯಾಗಿ ತುಂಬಿದ, ಪರೀಕ್ಷೆಯಾದ ಸಿಲಿಂಡರು ಇದನ್ನು ತಡೆಯುತ್ತದೆ. ಮಿತಿ ಮೀರಿ ತುಂಬಿಸಿ ಏಪ್ರಿಲ್ ಬಿಸಿಲಿಗೆ ಇಟ್ಟವರಿಗೆ ಈ ಮಾತು ಅನ್ವಯಿಸುವುದಿಲ್ಲ. ಒಂದು ತಾರ್ಪಾಲು ಹೊದಿಸಿದರೆ ಚರ್ಚೆಯೇ ಮುಗಿಯಿತು.

ಭಾಗ 3: ಹೇಗೆ ಕಟ್ಟಬೇಕು

ಈ ಕೈಪಿಡಿ ಬರೆಯಬೇಕಾಗಿ ಬಂದದ್ದೇ ಈ ಭಾಗಕ್ಕಾಗಿ.

ನೆಲ ಸಮತಟ್ಟಾಗಿದ್ದರೆ ಅಲ್ಯುಮಿನಿಯಂ ಸಿಲಿಂಡರು ತನ್ನ ಚಪ್ಪಟೆ ತಳದ ಮೇಲೆ ನಿಂತೀತು. ಸಮುದ್ರ ಸಮತಟ್ಟಲ್ಲ. ಗೂಡಿನಂಥ ಚೌಕಟ್ಟು ಇಲ್ಲದಿದ್ದರೆ ಮಲಗಿಸಿಯೇ ಇಡಿ; ಕೈ ಬಿಟ್ಟು ನಿಲ್ಲಿಸಿದ ಸಿಲಿಂಡರು ಯಾರದೋ ಹೆಬ್ಬೆರಳನ್ನು ಆಗಲೇ ಆರಿಸಿಕೊಂಡಿರುತ್ತದೆ. ಮಲಗಿಸಿದರೆ ಎರಡೂ ಕಡೆ ಉರುಳದಂತೆ ಅಡ್ಡ ಕಟ್ಟಿಗೆ ಅಥವಾ ಸೀಳಿದ ಹಳೇ ಟೈರು ಕೊಡಿ. ವಾಲ್ವಿನ ತುದಿ ಜನ ಓಡಾಡುವ ಕಡೆಗೂ ಇರಬಾರದು, ಲಂಗರು ಬಂದು ಬೀಳುವ ಕಡೆಗೂ ಇರಬಾರದು.

ಸ್ಟೀಲಿನ ಕ್ಲಾಂಪ್ ನೇರ ಅಲ್ಯುಮಿನಿಯಂಗೆ ತಾಗದಂತೆ ನಡುವೆ ರಬ್ಬರ್ ಇಡಿ. ಎರಡು ಲೋಹ, ನಡುವೆ ಉಪ್ಪುನೀರು ಸಿಕ್ಕಿದರೆ ಸಾಕು, ಅಲ್ಯುಮಿನಿಯಂ ಗುಳಿ ಗುಳಿಯಾಗಿ ತಿಂದುಹೋಗುತ್ತದೆ. ನಿಮ್ಮ ಭಾವ ವೆಲ್ಡಿಂಗ್ ಬಲ್ಲವರೆಂದು ಗೊತ್ತು. ಅವರು ಚೌಕಟ್ಟು ಮಾಡಿಕೊಡಲಿ, ಆದರೆ ಸಿಲಿಂಡರುಗಳನ್ನು ದಡದಲ್ಲಿ ಇಳಿಸಿದ ಮೇಲೆ. ಅತಿಯಾಗಿ ಕಾಯಿಸಿದ ಅಲ್ಯುಮಿನಿಯಂ ತಣ್ಣಗಾದ ಮೇಲೂ ಮೊದಲಿನ ಗಟ್ಟಿತನಕ್ಕೆ ಮರಳುವುದಿಲ್ಲ.

ಕೊಕ್ಕೆಯಿರುವ ರಬ್ಬರ್ ಹಗ್ಗ ಬೈಕಿನ ಹಿಂದೆ ಬ್ಯಾಗು ಕಟ್ಟಲು ಚೆನ್ನ. ಇಲ್ಲಿ ಅದು ತೆರೆ ಎದ್ದಾಗಲೇ ಹಿಗ್ಗುತ್ತದೆ, ಅಂದರೆ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಬಕಲ್ ಇರುವ ಚಪ್ಪಟೆ ಬೆಲ್ಟ್ ತನ್ನಿ. ಇಲ್ಲವಾದರೆ ಬಲೆಯ ನೈಲಾನ್ ಹಗ್ಗವೇ ಸಾಕು. ಗಂಟು ಹಾಕುವುದನ್ನು ನಿಮಗೆ ಹೇಳಿಕೊಡುವಷ್ಟು ಉದ್ಧಟತನ ಈ ಕೈಪಿಡಿಗಿಲ್ಲ.

ಒಂದನ್ನು ಮಾತ್ರ ಹೇಳುತ್ತೇವೆ. ಹನ್ನೆರಡಕ್ಕೂ ಒಂದೇ ಹಗ್ಗ ಸುತ್ತಿ ಕಟ್ಟಬೇಡಿ. ದಡದಲ್ಲಿ ಅದು ಕಲ್ಲಿನಂತೆ ಬಿಗಿಯಾಗಿರುತ್ತದೆ, ಫೋಟೊ ತೆಗೆದು ಕಳಿಸಬಹುದು. ನೇತ್ರಾಣಿಯಲ್ಲಿ ಮೊದಲ ತಂಡಕ್ಕೆ ಆರು ಸಿಲಿಂಡರು ಹೊರಗೆ ತೆಗೆದಿರಿ ಎನ್ನಿ. ಹಗ್ಗ ಈಗ ಇನ್ನೂ ಹನ್ನೆರಡರ ಅಳತೆಯಲ್ಲೇ ಇದೆ, ಒಳಗಿರುವುದು ಆರು. ಆ ಆರೂ ಸ್ವತಂತ್ರ. ಒಂದೊಂದಕ್ಕೂ ಅದರದೇ ಬೆಲ್ಟ್ ಇದ್ದರೆ ಒಂದನ್ನು ಬಿಚ್ಚಿದಾಗ ಮಿಕ್ಕವು ಕದಲುವುದಿಲ್ಲ.

ಭಾಗ 4: ವಾಪಸು ಬರುವಾಗ

ಬೆಳಿಗ್ಗೆ ಹೋಗುವಾಗ ಎಲ್ಲರೂ ಶಿಸ್ತಿನ ಸಿಪಾಯಿಗಳು. ಸಮುದ್ರವೂ ಶಾಂತ. ಮಧ್ಯಾಹ್ನ ಗಾಳಿ ಎದ್ದು ತೆರೆ ಒಡೆಯತೊಡಗುವ ಹೊತ್ತಿಗೆ ನೀರಿನಿಂದ ಬಂದವರಿಗೆ ಹಸಿವು, ಸುಸ್ತು, ಆಮೆ ಕಂಡ ಖುಷಿ. ಸಿಲಿಂಡರುಗಳನ್ನು ಎಲ್ಲಿ ಕೈಬಿಟ್ಟರೆ ಅಲ್ಲೇ.

“ಕಟ್ಟುವುದಾ?” ಎಂದು ದೋಣಿಯ ಹುಡುಗ ಕೇಳುತ್ತಾನೆ.

“ಖಾಲಿ ಅಲ್ದನಾ ಮಾರಾಯಾ, ಏನಾಗ್ತದೆ?” ಎಂದು ನೀವು ಹೇಳುತ್ತೀರಿ.

ಖಾಲಿಯಲ್ಲ. ಡೈವರುಗಳು ಸುಮಾರು 50 ಬಾರ್ ಉಳಿಸಿಕೊಂಡೇ ಮೇಲೆ ಬರಬೇಕೆಂಬುದು ರೂಢಿ. ಅದು ಗ್ಯಾಸ್ ಸಿಲಿಂಡರಿನ ಐದು ಪಟ್ಟು. ಇನ್ನು ತೂಕ ಇಳಿದದ್ದು ಎರಡು ಕಿಲೋ ಮಾತ್ರ. ಕಾಲಿನ ಮೇಲೆ ಬಿದ್ದರೆ ಆ ರಿಯಾಯಿತಿ ಯಾರಿಗೂ ತಿಳಿಯುವುದಿಲ್ಲ. ಪೂರ್ತಿ ಖಾಲಿ ಮಾಡಿಬಿಡೋಣವೆಂದು ವಾಲ್ವ್ ತೆರೆದಿಡುವುದು ಇನ್ನೂ ಕೆಟ್ಟದ್ದು. ಒಳಗೆ ತೇವ ಹೋಗಿ ಲೋಹವನ್ನು ತಿನ್ನುತ್ತದೆ.

ಬಳಸಿದ್ದು ಯಾವುದು, ತುಂಬಿದ್ದು ಯಾವುದು ಎಂದು ತಿಳಿಯಲು ತುಂಬಿದವುಗಳ ವಾಲ್ವಿಗೆ ಮಾತ್ರ ಟೇಪ್ ಸುತ್ತಿ. ನೆನಪಿನ ಶಕ್ತಿಯನ್ನು ನಂಬಬೇಡಿ.

ಭಾಗ 5: ತೊಂದರೆ ಮತ್ತು ಪರಿಹಾರ

ಸಿಲಿಂಡರು ನೀರಿಗೆ ಬಿತ್ತು: ತುಂಬಿದ ಅಲ್ಯುಮಿನಿಯಂ ಸಿಲಿಂಡರು ಮುಳುಗುತ್ತದೆ, ಬಳಸಿದ್ದು ಸಾಮಾನ್ಯವಾಗಿ ತೇಲುತ್ತದೆ. ತೇಲಿದರೆ ಎತ್ತಿಕೊಳ್ಳಿ. ಮುಳುಗಿದ್ದನ್ನು ತರಲು ಒಬ್ಬ ಡೈವರ್ ಬೇಕು, ಅಂದರೆ ಇನ್ನೊಂದು ಸಿಲಿಂಡರು ಬೇಕು.

ಸುಂಯ್ ಎಂಬ ಸದ್ದು: ವಾಲ್ವ್ ತಿರುಗಿಸಿ ಮುಚ್ಚಿ. ನಿಲ್ಲದಿದ್ದರೆ ಅದರ ಬಾಯಿಗೆ ಮುಖ ಒಡ್ಡದೆ ದೂರ ಸರಿಯಿರಿ, ಗಾಳಿ ತಾನಾಗಿ ಮುಗಿಯುತ್ತದೆ. ಬೆರಳಿಟ್ಟು ತಡೆಯುವ ಪ್ರಯತ್ನ ಬೇಡ.

ವಾಲ್ವಿಗೆ ಲಂಗರು ಬಡಿದಿದೆ, ಆದರೆ ಏನೂ ಆದಂತೆ ಕಾಣುವುದಿಲ್ಲ: ಆ ಸಿಲಿಂಡರನ್ನು ಯಾರಿಗೂ ಕೊಡಬೇಡಿ. ಪರೀಕ್ಷೆಯಾದ ಮೇಲಷ್ಟೇ ಬಳಕೆ.

ಯಾರೋ ಅದರ ಮೇಲೆ ಕೂತಿದ್ದಾರೆ: ಎಬ್ಬಿಸಿ.

ಭಾಗ 6: ಮಳೆಗಾಲ

ಜೂನ್ ಮತ್ತು ಜುಲೈ, ಒಟ್ಟು 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಡೈವಿಂಗಂತೂ ಮಳೆ ಪೂರ್ತಿ ನಿಂತು ಕಡಲು ತಿಳಿಯಾಗುವವರೆಗೆ ಇಲ್ಲ. ಸಿಲಿಂಡರುಗಳನ್ನು ದೋಣಿಯಲ್ಲೇ ಬಿಟ್ಟು ಮೇಲೆ ತೆಂಗಿನ ಗರಿ ಮುಚ್ಚಬೇಡಿ. ತಳದ ರಬ್ಬರ್ ಬೂಟು ಕಳಚಿ, ಅದರೊಳಗೆ ಕೂತ ಉಪ್ಪನ್ನು ಸಿಹಿನೀರಿನಲ್ಲಿ ತೊಳೆದು, ಸ್ವಲ್ಪ ಗಾಳಿ ಉಳಿಸಿ ಒಣ ಕೋಣೆಯಲ್ಲಿಡಿ. ಹೊಸದಾಗಿ ಖರೀದಿಸುವುದಿದ್ದರೆ, ಇವು ನಾಗಪುರದಲ್ಲಿ ಪ್ರಧಾನ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ (ಪೆಸೋ) ಕೈಕೆಳಗೆ, 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಬರುತ್ತವೆ. ಗುಜರಿಯಲ್ಲಿ ಸಸ್ತಾ ಸಿಕ್ಕಿತೆಂದು ತರಬೇಡಿ.

ವಾರಂಟಿ

ಸಿಲಿಂಡರಿಗೆ ಇದೆ, ಹೆಬ್ಬೆರಳಿಗೆ ಇಲ್ಲ. ನೇತ್ರಾಣಿಯಿಂದ ಹೊರಡುವ ಮುನ್ನ ಹನ್ನೆರಡು ಬೆಲ್ಟುಗಳನ್ನೂ ಒಂದೊಂದಾಗಿ ಎಳೆದು ನೋಡಿ. ಹನ್ನೆರಡನೆಯದು ಬಿಗಿಯುವವರೆಗೆ, ಪ್ರಯಾಣಿಕರು ಎಷ್ಟೇ ಹಸಿವೆಂದರೂ, ಎಂಜಿನ್ ಸ್ಟಾರ್ಟ್ ಮಾಡಬೇಡಿ.